ಸೊನ್ನೆ ಮಳೆಗೂ ಖಾಲಿ ಜಾಗಕ್ಕೂ ಇರುವ ಅಂತರ: ವೆಬ್ ಫಾರ್ಮಿನ ಮಾಹಿತಿಯನ್ನು ಸರ್ವರ್‌ನಲ್ಲಿ ಸುರಕ್ಷಿತವಾಗಿ ಓದುವ ಬಗೆ

ಕೊಡಗಿನಲ್ಲಿ ಮಳೆಯ ಲೆಕ್ಕ ಬರೆದಿಡದ ಕಾಫಿ ತೋಟ ಸಿಗುವುದು ಅಪರೂಪ. ಬೆಳಿಗ್ಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವುದು ಇಲ್ಲಿನ ಬೆಳೆಗಾರರಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಒಂದು ಇಂಚಿಗೆ ನೂರು ಸೆಂಟ್. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಇದೇ ಲೆಕ್ಕವನ್ನು ಮೊಬೈಲಿನಿಂದ ತುಂಬಿಸಲು ಊರಿನ ಬೆಳೆಗಾರರು ಸೇರಿ ಒಂದು ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಸುತ್ತಾರೆ ಎಂದುಕೊಳ್ಳೋಣ. ಅದರ ಫಾರ್ಮಿನಲ್ಲಿ ಹೆಸರು, ತಾಲ್ಲೂಕು, ದಿನಾಂಕ, ಮಳೆಯ ಪ್ರಮಾಣ, ತೋಟದ ವಿಸ್ತೀರ್ಣ ಮತ್ತು ಈ ಮಾಹಿತಿಯನ್ನು ಇತರರಿಗೆ ತೋರಿಸಬಹುದು ಎಂಬ ಒಪ್ಪಿಗೆಯ ಚೌಕ ಇಷ್ಟೇ ಇವೆ. ಇದಕ್ಕೆ ಸರ್ವರ್ ಕಡೆಯ ಕೋಡ್ ಬರೆಯುವುದು ಅರ್ಧ ದಿನದ ಕೆಲಸ ಎಂದು ಕಾಣುತ್ತದೆ: ಬಂದ ಮೌಲ್ಯವನ್ನು ಎತ್ತಿಕೊಂಡು ಡೇಟಾಬೇಸಿನ ಕೋಷ್ಟಕಕ್ಕೆ ಹಾಕಿದರೆ ಆಯಿತಲ್ಲ!

ಹಾಗೆ ಎತ್ತಿಕೊಳ್ಳುವ ಆ ಒಂದು ಸಾಲಿನಲ್ಲಿಯೇ ಎರಡು ಬಗೆಯ ಅಪಾಯಗಳಿವೆ. ಒಳಗೆ ಬರಬಾರದ್ದು ಬಂದುಬಿಡುವುದು ಒಂದು. ಒಳಗೆ ಬರಬೇಕಾದದ್ದು ತಿರಸ್ಕೃತವಾಗುವುದು ಅಥವಾ ಯಾರ ಗಮನಕ್ಕೂ ಬಾರದೆ ಬದಲಾಗಿ ಕೂರುವುದು ಇನ್ನೊಂದು. ಸುರಕ್ಷತೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಹೇಳುತ್ತಾರೆ. ಎರಡನೆಯದೂ ಅಷ್ಟೇ ಗಂಭೀರವಾದದ್ದು ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಹೆಸರು ಬರೆಯುವ, ಇಂಚು-ಸೆಂಟಿನಲ್ಲಿ ಮಳೆ ಅಳೆಯುವ ಜನರಿಗಾಗಿ ಕೋಡ್ ಬರೆಯುವಾಗ ಅದು ಇನ್ನೂ ಹೆಚ್ಚು ನಿಜ.

ಸರ್ವರ್‌ಗೆ ನಿಜವಾಗಿ ತಲುಪುವುದು ಏನು?

ಸಲ್ಲಿಸುವ ಗುಂಡಿಯನ್ನು ಒತ್ತಿದಾಗ ಬ್ರೌಸರ್ ಪ್ರತಿಯೊಂದು ಖಾನೆಯ ಹೆಸರನ್ನೂ ಅದರಲ್ಲಿ ತುಂಬಿದ್ದನ್ನೂ ಜೋಡಿ ಜೋಡಿಯಾಗಿ ಪೋಣಿಸಿ ಒಂದು ಉದ್ದನೆಯ ಪಠ್ಯವನ್ನಾಗಿ ಕಳುಹಿಸುತ್ತದೆ. ಗೆಟ್ ವಿಧಾನದಲ್ಲಿ ಈ ಪಠ್ಯ ವಿಳಾಸದ ಸಾಲಿನಲ್ಲಿಯೇ ಹೋಗುತ್ತದೆ. ಪೋಸ್ಟ್ ವಿಧಾನದಲ್ಲಿ ಕೋರಿಕೆಯ ಒಡಲಿನಲ್ಲಿ ಹೋಗುತ್ತದೆ. ಸಾಮಾನ್ಯ ಫಾರ್ಮುಗಳಲ್ಲಿ ಖಾಲಿ ಜಾಗವು ಕೂಡಿಸುವ ಚಿಹ್ನೆಯಾಗಿಯೂ, ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳನ್ನು ಬಿಟ್ಟು ಉಳಿದುದೆಲ್ಲವೂ ಶೇಕಡಾ ಚಿಹ್ನೆ ಹಾಗೂ ಎರಡು ಹೆಕ್ಸ್ (0-9, ಎ-ಎಫ್) ಅಂಕಿಗಳಾಗಿಯೂ ಬದಲಾಗುತ್ತವೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ‘ಕೊಡಗು’ ಎಂಬ ಪುಟ್ಟ ಪದ ಯೂನಿಕೋಡಿನಲ್ಲಿ 5 ಸಂಕೇತಗಳಾಗಿ, 15 ಬೈಟ್‌ಗಳಾಗಿ, ದಾರಿಯಲ್ಲಿ ಹೋಗುವಾಗ 45 ಚಿಹ್ನೆಗಳಾಗಿ ಹಿಗ್ಗುತ್ತದೆ. ಸರ್ವರ್ ಅದನ್ನು ಮತ್ತೆ ಬಿಚ್ಚಿ ಕೊಡುತ್ತದೆ. ಈ ಬಿಚ್ಚುವ ಕೆಲಸವನ್ನು ನಾವೇ ಕೈಯಾರೆ ಮಾಡಬೇಕಾಗಿಲ್ಲ, ಮಾಡಲೂಬಾರದು; ಪಿಎಚ್‌ಪಿ ಭಾಷೆ, ಪೈಥಾನ್ ಭಾಷೆಯ ಚೌಕಟ್ಟುಗಳಾದ ಜ್ಯಾಂಗೊ, ಫ್ಲಾಸ್ಕ್, ಜಾವಾಸ್ಕ್ರಿಪ್ಟ್ ಭಾಷೆಯ ಚೌಕಟ್ಟಾದ ಎಕ್ಸ್‌ಪ್ರೆಸ್ ಎಲ್ಲವೂ ಅದಕ್ಕೆ ಸಿದ್ಧ ವ್ಯವಸ್ಥೆಯನ್ನು ಕೊಟ್ಟಿವೆ.

ಇಲ್ಲಿ ನೆನಪಿಡಬೇಕಾದ ಮೊದಲ ಸಂಗತಿಯೆಂದರೆ, ಹಾಗೆ ಬಂದದ್ದೆಲ್ಲವೂ ಬರೀ ಸ್ಟ್ರಿಂಗ್, ಅಂದರೆ ಪಠ್ಯ. ಖಾನೆಯನ್ನು ಸಂಖ್ಯೆಗೆಂದು ಗುರುತಿಸಿದ್ದರೂ ಸರ್ವರ್‌ಗೆ ತಲುಪುವುದು ಅಂಕಿಯಂತೆ ಕಾಣುವ ಪಠ್ಯ ಮಾತ್ರ. ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು: ಈ ಪಠ್ಯವನ್ನು ನಮ್ಮ ಫಾರ್ಮೇ ಕಳುಹಿಸಿರಬೇಕೆಂಬ ನಿಯಮವೇನೂ ಇಲ್ಲ. ಬ್ರೌಸರ್ ಇಲ್ಲದೆಯೂ, ಕೆಲವೇ ಸಾಲಿನ ಕೋಡ್‌ನಿಂದ ಯಾರು ಬೇಕಾದರೂ ತಮಗೆ ಬೇಕಾದ ಹೆಸರಿನ, ಬೇಕಾದ ಮೌಲ್ಯದ ಜೋಡಿಗಳನ್ನು ನಮ್ಮ ಸರ್ವರ್‌ಗೆ ಕಳುಹಿಸಬಹುದು. ‘ಕಡ್ಡಾಯ’ ಎಂಬ ಗುರುತು, ಗರಿಷ್ಠ ಉದ್ದದ ಮಿತಿ, ಆಯ್ಕೆಯ ಪಟ್ಟಿ, ತಿದ್ದಲಾಗದ ಖಾನೆ, ಕಣ್ಣಿಗೆ ಕಾಣದ ಖಾನೆ ಇವೆಲ್ಲವೂ ಪ್ರಾಮಾಣಿಕ ಬಳಕೆದಾರರಿಗೆ ಬ್ರೌಸರ್ ಮಾಡುವ ಉಪಕಾರಗಳೇ ಹೊರತು ಸರ್ವರ್‌ಗೆ ಸಿಕ್ಕ ಖಾತರಿಗಳಲ್ಲ.

ಮಡಿಕೇರಿಯ ಸುತ್ತಮುತ್ತ ಹೆಚ್ಚಾಗಿರುವ ಹೋಮ್‌ಸ್ಟೇಗಳ ಬುಕಿಂಗ್ ಪುಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋಣೆಯ ಒಂದು ರಾತ್ರಿಯ ಬಾಡಿಗೆ 3000 ರೂಪಾಯಿ ಎಂಬುದನ್ನು ಕಾಣದ ಖಾನೆಯಲ್ಲಿ ಇಟ್ಟು, ಫಾರ್ಮ್ ಮರಳಿ ಬಂದಾಗ ಅದೇ ಮೊತ್ತವನ್ನು ಓದಿ ಹಣ ಪಡೆಯುವ ಕೋಡ್ ಬರೆದರೆ, ಆ 3000 ಎಂಬುದನ್ನು 3 ಎಂದು ಬದಲಿಸಿ ಕಳುಹಿಸಲು ಯಾವ ಪರಿಣತಿಯೂ ಬೇಕಿಲ್ಲ. ಫಾರ್ಮಿನಿಂದ ಓದಬೇಕಾದದ್ದು ಯಾವ ಕೋಣೆ, ಯಾವ ದಿನ, ಎಷ್ಟು ಜನ ಎಂಬುದನ್ನು ಮಾತ್ರ; ಬೆಲೆಯನ್ನು ಸರ್ವರ್ ತನ್ನ ಡೇಟಾಬೇಸಿನಿಂದಲೇ ತೆಗೆದುಕೊಂಡು ಲೆಕ್ಕ ಹಾಕಬೇಕು. ಸರ್ವರ್‌ಗೆ ಮೊದಲೇ ಗೊತ್ತಿರುವುದನ್ನು ಬಳಕೆದಾರರಿಂದ ಮತ್ತೆ ಕೇಳಿ ಪಡೆಯಬಾರದು.

ಆಯ್ಕೆಯ ಪಟ್ಟಿಗೂ ಇದೇ ಮಾತು. ಕೊಡಗಿನಲ್ಲಿ ಮೊದಲು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ತಾಲ್ಲೂಕುಗಳಿದ್ದವು. ಪೊನ್ನಂಪೇಟೆ ಮತ್ತು ಕುಶಾಲನಗರ ಸೇರಿ ಈಗ ಐದಾಗಿವೆ. ಬಂದ ತಾಲ್ಲೂಕಿನ ಹೆಸರು ಈ ಐದರಲ್ಲಿ ಒಂದೇ ಎಂದು ಸರ್ವರ್ ತಾನೇ ನೋಡಬೇಕು. ಫಾರ್ಮಿನ ಪುಟಕ್ಕೂ ಪರಿಶೀಲಿಸುವ ಕೋಡಿಗೂ ಒಂದೇ ಪಟ್ಟಿ ಆಧಾರವಾಗಿರಬೇಕು; ಎರಡು ಕಡೆ ಬೇರೆ ಬೇರೆಯಾಗಿ ಬರೆದಿಟ್ಟರೆ, ಹೊಸ ತಾಲ್ಲೂಕು ಪಟ್ಟಿಯಲ್ಲಿ ಕಾಣಿಸುತ್ತದೆ, ಆರಿಸಿದ ಕೂಡಲೇ ‘ತಪ್ಪು ಆಯ್ಕೆ’ ಎಂಬ ಸಂದೇಶ ಬರುತ್ತದೆ.

ಇಲ್ಲದಿರುವುದು, ಖಾಲಿ ಇರುವುದು, ಸೊನ್ನೆ ಇರುವುದು

ಕಾಫಿ ಗೊತ್ತಿರುವವರಿಗೆ ‘ಮಳೆ ಬಂದಿಲ್ಲ’ ಎಂಬುದಕ್ಕೂ ‘ಬರೆದಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬೀಳುವ ಹೂಮಳೆಯಿಂದ ಮೊಗ್ಗು ಅರಳುತ್ತದೆ. ಅದಾದ ಮೇಲೆ ಕೆಲವು ವಾರಗಳೊಳಗೆ ಬ್ಯಾಕಿಂಗ್ ಮಳೆ ಬಂದರೆ ಕಾಯಿ ನಿಲ್ಲುತ್ತದೆ. ರೊಬಸ್ಟಾ ಎಂಬ ಬಗೆಯ ಕಾಫಿಯ ತೋಟಗಳಲ್ಲಿ ಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹಾಕಬೇಕೆ ಎಂಬ ನಿರ್ಧಾರ ನಿಂತಿರುವುದೇ ಒಣ ದಿನಗಳ ಎಣಿಕೆಯ ಮೇಲೆ. ಆದ್ದರಿಂದ ಸೊನ್ನೆ ಎಂಬುದು ಇಲ್ಲಿ ಅಳತೆ ಮಾಡಿ ಪಡೆದ ಒಂದು ಅಂಕಿ. ಕೋಡ್ ಅದನ್ನು ಖಾಲಿ ಎಂದು ತಿಳಿದರೂ ತಪ್ಪು, ಖಾಲಿಯನ್ನು ಸೊನ್ನೆ ಎಂದು ತಿಳಿದರೂ ತಪ್ಪು.

ದುರದೃಷ್ಟವಶಾತ್ ನಮ್ಮ ಪ್ರೋಗ್ರಾಮಿಂಗ್ ಭಾಷೆಗಳು ಈ ಎರಡೂ ತಪ್ಪುಗಳಿಗೆ ದಾರಿ ಮಾಡಿಕೊಡುತ್ತವೆ. ಪಿಎಚ್‌ಪಿಯಲ್ಲಿ ‘ಎಂಪ್ಟಿ’ ಎಂಬ ಪರೀಕ್ಷೆ "0" ಎಂಬ ಸ್ಟ್ರಿಂಗನ್ನೂ ಖಾಲಿ ಎಂದೇ ಹೇಳುತ್ತದೆ; ಅದನ್ನು ನಂಬಿದ ಕೋಡ್, ಮಳೆ ಬಾರದ ದಿನ ಸೊನ್ನೆ ತುಂಬಿದವರಿಗೆ ‘ಮಳೆಯ ಪ್ರಮಾಣವನ್ನು ತುಂಬಿರಿ’ ಎಂದು ಮತ್ತೆ ಮತ್ತೆ ಹೇಳುತ್ತದೆ. ಪೈಥಾನ್‌ನಲ್ಲಿ ‘ಮೌಲ್ಯ ಇದೆಯೇ’ ಎಂದು ಪರೀಕ್ಷಿಸಿದಾಗ "0" ಎಂಬ ಸ್ಟ್ರಿಂಗ್ ಸತ್ಯದ ಬದಿಗಿರುತ್ತದೆ, ಅದನ್ನೇ ಸಂಖ್ಯೆಯಾಗಿ ಬದಲಿಸಿದ ಕೂಡಲೇ ಅಸತ್ಯದ ಬದಿಗೆ ಸರಿಯುತ್ತದೆ; ಆದ್ದರಿಂದ ಪರೀಕ್ಷೆಯನ್ನು ಬದಲಾವಣೆಗೆ ಮುಂಚೆ ಮಾಡುತ್ತೀರೋ ಆಮೇಲೆ ಮಾಡುತ್ತೀರೋ ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ. ಜಾವಾಸ್ಕ್ರಿಪ್ಟ್‌ನ ‘ನಂಬರ್’ ಖಾಲಿ ಸ್ಟ್ರಿಂಗನ್ನು ಸೊನ್ನೆಯನ್ನಾಗಿ ಮಾಡಿ ಕೊಡುತ್ತದೆ; ಪಿಎಚ್‌ಪಿಯಲ್ಲಿ ಪೂರ್ಣಾಂಕಕ್ಕೆ ನೇರವಾಗಿ ಬದಲಿಸಿದರೂ ಹಾಗೆಯೇ. ಅಂದರೆ ಮಳೆಮಾಪಕ ನೋಡಲು ಮರೆತ ದಿನವೂ ಒಣ ದಿನವೆಂದು ದಾಖಲಾಗುತ್ತದೆ. ಈ ದೋಷ ಎಲ್ಲಿಯೂ ಸಂದೇಶ ಕೊಡುವುದಿಲ್ಲ. ವರ್ಷದ ಕೊನೆಗೆ ಒಟ್ಟು ಮಳೆ ಕೂಡಿಸಿದಾಗ ಮೊತ್ತ ಕಡಿಮೆ ಬಂದದ್ದು ಏಕೆಂದು ಯಾರಿಗೂ ತಿಳಿಯುವುದಿಲ್ಲ.

ಆದುದರಿಂದ ಪ್ರತಿಯೊಂದು ಖಾನೆಯ ಬಗ್ಗೆಯೂ ಕೋಡ್ ಈ ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು: ಆ ಹೆಸರಿನ ಖಾನೆಯೇ ಬಂದಿಲ್ಲ; ಬಂದಿದೆ, ಆದರೆ ಖಾಲಿ ಅಥವಾ ಬರೀ ಖಾಲಿ ಜಾಗಗಳು; ಏನೋ ಇದೆ, ಆದರೆ ಅದು ನಮಗೆ ಬೇಕಾದ ರೂಪದಲ್ಲಿಲ್ಲ; ಸರಿಯಾದ ಮೌಲ್ಯವಿದೆ, ಅದು ಸೊನ್ನೆಯೂ ಆಗಿರಬಹುದು. ಖಾನೆಯೇ ಬಾರದಿರುವುದು ಅಸಹಜವೇನಲ್ಲ. ಗುರುತು ಹಾಕದ ಚೌಕದ ಹೆಸರನ್ನು ಬ್ರೌಸರ್ ಕಳುಹಿಸುವುದೇ ಇಲ್ಲ. ನಿಷ್ಕ್ರಿಯಗೊಳಿಸಿದ ಖಾನೆಯನ್ನೂ ಕಳುಹಿಸುವುದಿಲ್ಲ. ಒಪ್ಪಿಗೆಯ ಚೌಕದ ಹೆಸರು ಬಾರದಿದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ ಮಾಡಿಕೊಳ್ಳಬೇಕು. ಮಳೆಯ ಖಾನೆಯ ಹೆಸರೇ ಬಾರದಿದ್ದರೆ ಮಾತ್ರ ಕೋರಿಕೆ ನಮ್ಮ ಫಾರ್ಮಿನಿಂದ ಬಂದದ್ದಲ್ಲ ಎಂದು ಶಂಕಿಸಬೇಕು. ಇಲ್ಲದ ಹೆಸರನ್ನು ಕೇಳಿದಾಗ ಪಿಎಚ್‌ಪಿ 8 ಎಚ್ಚರಿಕೆ ನೀಡಿ ಮುಂದುವರಿಯುತ್ತದೆ. ಫ್ಲಾಸ್ಕ್‌ನಲ್ಲಿ ಚೌಕಾವರಣ ಬಳಸಿ ಕೇಳಿದರೆ ‘ಕೋರಿಕೆ ಸರಿಯಿಲ್ಲ’ ಎಂಬ 400ರ ದೋಷದೊಂದಿಗೆ ಕೋರಿಕೆ ನಿಲ್ಲುತ್ತದೆ, ‘ಗೆಟ್’ ಎಂಬ ಫಂಕ್ಷನ್ (ಮೇಲೆ ಹೇಳಿದ ಗೆಟ್ ವಿಧಾನವಲ್ಲ) ಬಳಸಿ ಕೇಳಿದರೆ ‘ಏನೂ ಇಲ್ಲ’ ಎಂಬರ್ಥದ ‘ನನ್’ ಎಂಬ ಉತ್ತರ ಬರುತ್ತದೆ. ಪಿಎಚ್‌ಪಿ 7ರಿಂದ ಇರುವ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಸೌಲಭ್ಯ ಇಲ್ಲದ ಹೆಸರಿಗೆ ಬದಲಿ ಮೌಲ್ಯ ಕೊಡಲು ಅನುಕೂಲವೇ ಸರಿ, ಆದರೆ ಆ ಬದಲಿ ಮೌಲ್ಯ ಸೊನ್ನೆಯಾಗಿರಬಾರದು.

ಒಂದೇ ಹೆಸರು ಎರಡು ಸಲ ಬಂದರೆ ಏನಾಗುತ್ತದೆ ಎಂಬುದೂ ಇಲ್ಲಿಯೇ ಸೇರುತ್ತದೆ. ಪಿಎಚ್‌ಪಿ ಮತ್ತು ಜ್ಯಾಂಗೊ ಕೊನೆಯದನ್ನು ಕೊಡುತ್ತವೆ, ಫ್ಲಾಸ್ಕ್ ಮೊದಲನೆಯದನ್ನು, ಎಕ್ಸ್‌ಪ್ರೆಸ್ ಎರಡನ್ನೂ ಸೇರಿಸಿ ಒಂದು ಅರೇಯನ್ನು, ಅಂದರೆ ಮೌಲ್ಯಗಳ ಪಟ್ಟಿಯನ್ನು. ಮುಂದೆ ನಿಂತು ತಪಾಸಣೆ ಮಾಡುವ ತಂತ್ರಾಂಶ ಮೊದಲ ಮೌಲ್ಯವನ್ನು ನೋಡಿ ಬಿಟ್ಟು, ಹಿಂದಿನ ಕೋಡ್ ಕೊನೆಯ ಮೌಲ್ಯವನ್ನು ಬಳಸಿದರೆ ತಪಾಸಣೆಗೆ ಬೆಲೆಯೇ ಉಳಿಯುವುದಿಲ್ಲ. ಪಿಎಚ್‌ಪಿಯಲ್ಲಿ ಖಾನೆಯ ಹೆಸರಿಗೆ ಚೌಕಾವರಣ ಸೇರಿಸಿ ಕಳುಹಿಸಿದರೆ ಸ್ಟ್ರಿಂಗಿನ ಬದಲು ಅರೇ ಬರುತ್ತದೆ. ಸ್ಟ್ರಿಂಗ್ ಬರುತ್ತದೆಂದು ನಂಬಿ ಬರೆದ ಮುಂದಿನ ಸಾಲುಗಳು ಅಲ್ಲಿಗೆ ಮುರಿದು ಬೀಳುತ್ತವೆ. ಬಂದದ್ದು ಸ್ಟ್ರಿಂಗ್ ಹೌದೇ ಎಂದು ಕೇಳುವುದು ಮೊದಲ ಪ್ರಶ್ನೆಯಾಗಬೇಕು.

ಎಲ್ಲಿಂದ ಓದುತ್ತೇವೆ ಎಂಬುದೂ ಸ್ಪಷ್ಟವಾಗಿರಲಿ. ಪಿಎಚ್‌ಪಿಯ ಹಳೆಯ ದಿನಗಳಲ್ಲಿ ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ವ್ಯವಸ್ಥೆ ಫಾರ್ಮಿನ ಪ್ರತಿಯೊಂದು ಖಾನೆಯನ್ನೂ ಅದೇ ಹೆಸರಿನ ವೇರಿಯೇಬಲ್ ಮಾಡಿಬಿಡುತ್ತಿತ್ತು. ಕೋಡಿನೊಳಗಿನ ಯಾವುದೇ ವೇರಿಯೇಬಲ್‌ಗೆ ಹೊರಗಿನವರು ಆರಂಭದ ಮೌಲ್ಯ ಕೊಡಬಹುದಾಗಿತ್ತು. 2002ರ 4.2 ಆವೃತ್ತಿಯಲ್ಲಿ ಅದು ತಾನಾಗಿ ಆನ್ ಇರುವುದನ್ನು ನಿಲ್ಲಿಸಿದರು, 2012ರ 5.4 ಆವೃತ್ತಿಯಲ್ಲಿ ಪೂರ್ತಿಯಾಗಿ ತೆಗೆದುಹಾಕಿದರು. ಗೆಟ್, ಪೋಸ್ಟ್ ಎರಡನ್ನೂ ಒಂದೇ ಕಡೆ ಕಲಸಿ ಕೊಡುವ ‘ರಿಕ್ವೆಸ್ಟ್’ ಅರೇ ಈಗಲೂ ಇದೆ. ಪೋಸ್ಟ್‌ನಿಂದ ಬರಬೇಕಾದದ್ದನ್ನು ಪೋಸ್ಟ್‌ನಿಂದಲೇ ಓದಬೇಕು. ಇಲ್ಲವಾದರೆ ಯಾರೋ ಕಳುಹಿಸಿದ ಕೊಂಡಿಯ ಮೇಲೆ ಒತ್ತಿದ ಮಾತ್ರಕ್ಕೆ ದಾಖಲೆ ಬದಲಾಗುವ ಸ್ಥಿತಿ ಬರುತ್ತದೆ.

ಸ್ಟ್ರಿಂಗಿನಿಂದ ಸಂಖ್ಯೆಗೆ, ದಿನಾಂಕಕ್ಕೆ

ಪಿಎಚ್‌ಪಿಯಲ್ಲಿ "12ಎಬಿಸಿ" ಎಂಬುದನ್ನು ಪೂರ್ಣಾಂಕಕ್ಕೆ ಬದಲಿಸಿದರೆ 12 ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಕೂಡ 12 ಎನ್ನುತ್ತದೆ. ಪೈಥಾನ್ ಮಾತ್ರ ದೋಷವೆಂದು ನಿಲ್ಲಿಸುತ್ತದೆ, ಅದೇ ಸರಿಯಾದ ನಡತೆ. ಪಿಎಚ್‌ಪಿಯಲ್ಲಿ ‘ಫಿಲ್ಟರ್‌ವಾರ್’ ಬಳಸಿ ಪೂರ್ಣಾಂಕವೇ ಎಂದು ಪರಿಶೀಲಿಸಬಹುದು. ಸೋತರೆ ಅದು ‘ಫಾಲ್ಸ್’ ಕೊಡುತ್ತದೆ, ಸೊನ್ನೆಯಿದ್ದರೆ ಸೊನ್ನೆಯನ್ನೇ ಕೊಡುತ್ತದೆ, ಆದ್ದರಿಂದ ಉತ್ತರವನ್ನು ಮೂರು ಸಮಚಿಹ್ನೆಗಳ ಕಟ್ಟುನಿಟ್ಟಿನ ಹೋಲಿಕೆಯಿಂದಲೇ ನೋಡಬೇಕು. ದಶಮಾಂಶಕ್ಕೆ ಪೈಥಾನ್‌ನ ‘ಫ್ಲೋಟ್’ ಬಳಸುವವರು ಇನ್ನೊಂದು ಸೂಕ್ಷ್ಮವನ್ನು ತಿಳಿದಿರಬೇಕು: ‘ನ್ಯಾನ್’ (ಸಂಖ್ಯೆಯಲ್ಲ) ಮತ್ತು ‘ಇನ್ಫ್’ (ಅನಂತ) ಎಂಬ ಪದಗಳನ್ನೂ ಅದು ಸಂಖ್ಯೆಯೆಂದು ಒಪ್ಪುತ್ತದೆ. ನ್ಯಾನ್ ಯಾವ ಸಂಖ್ಯೆಗಿಂತಲೂ ಚಿಕ್ಕದಲ್ಲ, ದೊಡ್ಡದೂ ಅಲ್ಲ. ‘ಸೊನ್ನೆಗಿಂತ ಕಡಿಮೆಯಿದ್ದರೆ ಅಥವಾ ಮಿತಿಗಿಂತ ಹೆಚ್ಚಿದ್ದರೆ ತಿರಸ್ಕರಿಸು’ ಎಂದು ಬರೆದ ಕೋಡನ್ನು ಅದು ಸಲೀಸಾಗಿ ದಾಟಿ ಹೋಗುತ್ತದೆ. ‘ಸೊನ್ನೆಯಿಂದ ಮಿತಿಯವರೆಗಿದ್ದರೆ ಮಾತ್ರ ಸ್ವೀಕರಿಸು’ ಎಂದು ತಿರುಗಿಸಿ ಬರೆದರೆ ಅದೇ ನ್ಯಾನ್ ಹೊರಗುಳಿಯುತ್ತದೆ. ಒಪ್ಪುವುದನ್ನು ಹೇಳುವ ನಿಯಮ ಒಪ್ಪದ್ದನ್ನು ಹೇಳುವ ನಿಯಮಕ್ಕಿಂತ ಮೇಲು ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ನಿದರ್ಶನ ನನಗೆ ಸಿಕ್ಕಿಲ್ಲ.

ಕೊಡಗಿನ ಅಳತೆಯಲ್ಲಿ ಇನ್ನೂ ಒಂದು ತೊಡಕಿದೆ. ಮಳೆಯ ಖಾನೆಯಲ್ಲಿ "1.5" ಎಂದು ಬಂದರೆ ಏನರ್ಥ? ಒಂದೂವರೆ ಇಂಚು, ಅಂದರೆ 1 ಇಂಚು 50 ಸೆಂಟ್ ಎಂದೇ? ಅಥವಾ 1 ಇಂಚು 5 ಸೆಂಟ್ ಅಳೆದವರು ನಡುವಿನ ಸೊನ್ನೆ ಬಿಟ್ಟು ಹಾಗೆ ಬರೆದರೇ? ತೋಟದ ವಿಸ್ತೀರ್ಣದಲ್ಲಿ ಎಕರೆ ಮತ್ತು ಸೆಂಟ್ ಬರೆಯುವಾಗಲೂ ಇದೇ ಗೊಂದಲ. ಯಾವ ಪರಿಶೀಲನೆಯೂ ಇದನ್ನು ಬಿಡಿಸಲಾರದು, ಏಕೆಂದರೆ ಎರಡೂ ಅರ್ಥಗಳು ಸರಿಯಾದ ಸಂಖ್ಯೆಗಳೇ. ಇಂಚಿಗೊಂದು, ಸೆಂಟಿಗೊಂದು ಖಾನೆ ಇಟ್ಟು, ಎರಡನ್ನೂ ಪೂರ್ಣಾಂಕಗಳಾಗಿಯೇ ಓದಿ, ಸೆಂಟ್ 0ಯಿಂದ 99ರೊಳಗಿದೆಯೇ ಎಂದು ನೋಡಿ, ಒಟ್ಟನ್ನು ಸೆಂಟಿನಲ್ಲಿಯೇ ಉಳಿಸುವುದು ಒಳ್ಳೆಯದು. ಹಣವನ್ನೂ ಹಾಗೆಯೇ ಪೈಸೆಯ ಪೂರ್ಣಾಂಕವಾಗಿ ಇಡಬೇಕು. ಓದುವ ಕೋಡ್ ಎಷ್ಟೇ ಜಾಗರೂಕವಾಗಿದ್ದರೂ ಕೇಳುವ ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ ಉತ್ತರ ಕೆಟ್ಟಂತೆಯೇ.

ಗರಿಷ್ಠ ಮಿತಿಯನ್ನು ಎಷ್ಟಕ್ಕೆ ಇಡಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. ಸಾಮಾನ್ಯ ದಿನಗಳ ಮಳೆಯನ್ನು ನೋಡಿ ಬಿಗಿಯಾದ ಮಿತಿ ಹಾಕಿದರೆ, 2018ರ ಆಗಸ್ಟ್‌ನಲ್ಲಿ ಭೂಕುಸಿತಗಳಿಗೆ ಕಾರಣವಾದಂಥ ಮಳೆಯ ದಿನಗಳ ದಾಖಲೆಯನ್ನೇ ಕೋಡ್ ತಳ್ಳಿಹಾಕುತ್ತದೆ. ಮುಂದೆ ಅಧ್ಯಯನಕ್ಕೆ ಬೇಕಾಗುವುದು ಅವೇ ದಿನಗಳ ಅಂಕಿ. ಆದ್ದರಿಂದ ಎರಡು ಗೆರೆಗಳಿರಲಿ. ಒಂದನ್ನು ದಾಟಿದರೆ ‘ಈ ಅಂಕಿ ಸರಿಯೇ, ಮತ್ತೊಮ್ಮೆ ನೋಡಿ ಖಚಿತಪಡಿಸಿ’ ಎಂದು ಕೇಳುವುದು. ಅದಕ್ಕಿಂತ ಬಹಳ ಮೇಲಿರುವ ಇನ್ನೊಂದನ್ನು ದಾಟಿದರೆ ಮಾತ್ರ ತಿರಸ್ಕರಿಸುವುದು.

ಕನ್ನಡ ಅಂಕಿಗಳ ವಿಷಯ. ಕೀಲಿಮಣೆ ಕನ್ನಡದಲ್ಲಿದ್ದಾಗ ‘೧೨’ ಎಂದು ತುಂಬುವವರಿದ್ದಾರೆ. ಪೈಥಾನ್‌ನ ‘ಇಂಟ್’ ಇದನ್ನು 12 ಎಂದು ಸರಿಯಾಗಿ ಓದುತ್ತದೆ; ಜಾವಾಸ್ಕ್ರಿಪ್ಟ್‌ನ ‘ನಂಬರ್’ ಸಂಖ್ಯೆಯಲ್ಲ ಎನ್ನುತ್ತದೆ; ಪಿಎಚ್‌ಪಿಯ ನೇರ ಬದಲಾವಣೆ ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ಹನ್ನೆರಡು ಇಂಚು ಮಳೆ ಸೊನ್ನೆಯಾಗುವುದೆಂದರೆ ಸಣ್ಣ ಮಾತಲ್ಲ. ಭಾಷೆಯ ಮರ್ಜಿಗೆ ಬಿಡದೆ, ಓದುವ ಹಂತದಲ್ಲಿಯೇ ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನು 0-9ಕ್ಕೆ ಬದಲಿಸಿಕೊಂಡು, ಆಮೇಲೆ ಪರಿಶೀಲಿಸಬೇಕು. ಇದಕ್ಕೆ ಬೇಕಾಗುವುದು ಹತ್ತು ಅಕ್ಷರಗಳ ಒಂದು ಕೋಷ್ಟಕ ಮಾತ್ರ. ಮೊಬೈಲ್ ಸಂಖ್ಯೆ, ಪಿನ್ ಕೋಡ್ ಇವುಗಳನ್ನು ಮಾತ್ರ ಸಂಖ್ಯೆಯಾಗಿ ಬದಲಿಸಬಾರದು. ಅವುಗಳನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಅಂಕಿಗಳಿರುವ ಪಠ್ಯವಾಗಿಯೇ ಇರಲಿ.

ದಿನಾಂಕದಲ್ಲಿ "03/04/2025" ಎಂದು ಬಂದರೆ ನಮಗೆ ಅದು ಏಪ್ರಿಲ್ 3. ಪಿಎಚ್‌ಪಿಯ ‘ಎಸ್‌ಟಿಆರ್‌ಟುಟೈಮ್’ ಓರೆಗೆರೆ ಕಂಡರೆ ಅಮೆರಿಕದ ಕ್ರಮದಲ್ಲಿ ಮಾರ್ಚ್ 4 ಎಂದು ಓದುತ್ತದೆ, ಅದೇ ದಿನಾಂಕವನ್ನು ಅಡ್ಡಗೆರೆಯಿಂದ ಬರೆದರೆ ಏಪ್ರಿಲ್ 3 ಎಂದು ಓದುತ್ತದೆ. ತಿಂಗಳ 13ರಿಂದಾಚೆಗಿನ ದಿನಗಳಲ್ಲಿ ದೋಷ ಎದ್ದು ಕಾಣುತ್ತದೆ, ಮೊದಲ ಹನ್ನೆರಡು ದಿನಗಳಲ್ಲಿ ಕಾಣುವುದೇ ಇಲ್ಲ. ಹೂಮಳೆಯ ದಿನವನ್ನು ಒಂದು ತಿಂಗಳು ಹಿಂದಕ್ಕೆ ತಳ್ಳಿದ ದಾಖಲೆಯಿಂದ ಯಾರಿಗೂ ಪ್ರಯೋಜನವಿಲ್ಲ. ಬ್ರೌಸರಿನ ದಿನಾಂಕದ ಖಾನೆಯನ್ನು ಬಳಸಿದರೆ, ಪರದೆಯ ಮೇಲೆ ಹೇಗೇ ಕಾಣಲಿ, ಸರ್ವರ್‌ಗೆ ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮದಲ್ಲಿ ಬರುತ್ತದೆ. ಸರ್ವರ್ ಆ ಒಂದು ರೂಪವನ್ನು ಮಾತ್ರ ಒಪ್ಪಬೇಕು. ಫೆಬ್ರವರಿ 30 ಎಂದು ಕೊಟ್ಟರೆ ಪಿಎಚ್‌ಪಿಯ ದಿನಾಂಕದ ಸೌಲಭ್ಯ ಅದನ್ನು ಮಾರ್ಚ್‌ಗೆ ಜಾರಿಸಿ ಒಪ್ಪಿಕೊಳ್ಳುತ್ತದೆ, ಆದ್ದರಿಂದ ಓದಿದ ದಿನಾಂಕವನ್ನು ಮತ್ತೆ ಪಠ್ಯವನ್ನಾಗಿ ಮಾಡಿ ಬಂದದ್ದರೊಂದಿಗೆ ಹೋಲಿಸಬೇಕು. ‘ಮುಂದಿನ ದಿನಾಂಕ ಕೂಡದು’ ಎಂಬ ನಿಯಮಕ್ಕೂ ಒಂದು ಎಚ್ಚರಿಕೆ ಬೇಕು: ಸರ್ವರಿನ ಗಡಿಯಾರ ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ, ನಮ್ಮ ಬೆಳಿಗ್ಗೆ 5 ಗಂಟೆಗೆ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ 11.30. ಬೇಗ ಎದ್ದು ಅಳೆದವರ ಅಂಕಿಯನ್ನು ‘ನಾಳೆಯದು’ ಎಂದು ಹಿಂದಿರುಗಿಸುವ ಕೋಡ್ ಸುರಕ್ಷಿತವೆಂದು ನಾನು ಒಪ್ಪಲಾರೆ.

ಹೆಸರು ಎಂಬ ಅತಿ ಕಷ್ಟದ ಖಾನೆ

ಹೆಸರಿನಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಮಾತ್ರ ಇರಬೇಕು ಎಂಬ ನಿಯಮ ಎಷ್ಟೋ ಫಾರ್ಮುಗಳಲ್ಲಿ ‘ಸುರಕ್ಷತೆ’ಯ ಹೆಸರಿನಲ್ಲಿ ಕುಳಿತಿದೆ. ಅದು ಕನ್ನಡದಲ್ಲಿ ಬರೆದ ಪ್ರತಿಯೊಬ್ಬರ ಹೆಸರನ್ನೂ ತಳ್ಳಿಹಾಕುತ್ತದೆ, ಡಿ’ಸೋಜ ಎಂಬ ಮನೆತನದ ಹೆಸರನ್ನೂ ತಳ್ಳಿಹಾಕುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಖಾನೆಗಳನ್ನು ಇಡುವುದೂ ಇಲ್ಲಿಗೆ ಹೊಂದುವುದಿಲ್ಲ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರ ಹೆಸರಿನಲ್ಲಿ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ‘ಕೊನೆಯ ಹೆಸರು’ ಎಂಬ ಖಾನೆಯನ್ನು ಮನೆತನದ ಹೆಸರೆಂದು ತಿಳಿಯುವ ಕೋಡ್ ಕೊಡವ ಮನೆತನಗಳ ಪಟ್ಟಿಯನ್ನೇ ತಲೆಕೆಳಗು ಮಾಡುತ್ತದೆ. ಪೂರ್ಣ ಹೆಸರಿಗೆ ಒಂದೇ ಖಾನೆ ಸಾಕು.

ಕನ್ನಡ ಪಠ್ಯವನ್ನು ಓದುವಾಗ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ‘ಕೊ’ ಎಂಬ ಅಕ್ಷರದ ಒ-ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಚಿಹ್ನೆ ಮತ್ತು ಊ-ಚಿಹ್ನೆ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೀಗಾಗಿ ಒಬ್ಬರು ನೋಂದಾಯಿಸಿದ ಊರನ್ನು ಇನ್ನೊಬ್ಬರು ಹುಡುಕಿದರೆ ಸಿಗದೆ ಹೋಗಬಹುದು. ಪಠ್ಯ ಬಂದ ಕೂಡಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಂಡರೆ ಈ ತೊಂದರೆ ತಪ್ಪುತ್ತದೆ. ಎರಡನೆಯದು ಅಕ್ಷರಗಳನ್ನು ಬಿಡಿಸಿ ಇಡುವ, ಕಣ್ಣಿಗೆ ಕಾಣದ ಸಂಕೇತ. ‘ರಾಜ್‌ಕುಮಾರ್’ ಎಂಬಲ್ಲಿ ಜ ಕಾರಕ್ಕೆ ಕ ಒತ್ತಕ್ಷರವಾಗದಂತೆ ತಡೆಯುವುದು ಅದೇ. ‘ಕಾಣದ ಚಿಹ್ನೆಗಳನ್ನೆಲ್ಲ ಅಳಿಸು’ ಎಂಬ ಉತ್ಸಾಹದ ಕೋಡ್ ಅದನ್ನೂ ಅಳಿಸಿ ಜನರ ಹೆಸರನ್ನೇ ಕೆಡಿಸುತ್ತದೆ. ಮೂರನೆಯದು ಉದ್ದ. ಪಿಎಚ್‌ಪಿಯ ‘ಎಸ್‌ಟಿಆರ್‌ಲೆನ್’ ಬೈಟ್‌ಗಳನ್ನು ಎಣಿಸುವುದರಿಂದ ‘ಕೊಡಗು’ ಅದಕ್ಕೆ 15. ಓದುವವರ ಕಣ್ಣಿಗೆ ಅದು ಮೂರೇ ಅಕ್ಷರ. ಇಪ್ಪತ್ತರ ಮಿತಿಯನ್ನು ಬೈಟ್ ಲೆಕ್ಕದಲ್ಲಿ ಹಾಕಿ ಉಳಿದದ್ದನ್ನು ಕತ್ತರಿಸಿದರೆ ಕೊನೆಯ ಅಕ್ಷರ ಅರ್ಧಕ್ಕೇ ಮುರಿಯುತ್ತದೆ. ಕತ್ತರಿಸುವುದಂತೂ ಬೇಡವೇ ಬೇಡ. ಮಿತಿ ಮೀರಿದರೆ ಹೇಳಿ ಹಿಂದಿರುಗಿಸಬೇಕು.

ಓದಿದ ಮೇಲೆ ಬಳಸುವುದು

ಡಿ’ಸೋಜ ಅವರ ಹೆಸರಿನ ಮೇಲುಚಿಹ್ನೆಯನ್ನು ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂಟಿ ಉದ್ಧರಣ ಚಿಹ್ನೆಯಾಗಿ ಒತ್ತುತ್ತಾರೆ. ಹೆಸರನ್ನು ನೇರವಾಗಿ, ಡೇಟಾಬೇಸಿಗೆ ಆದೇಶ ಕೊಡುವ ಎಸ್‌ಕ್ಯೂಎಲ್ ವಾಕ್ಯದೊಳಗೆ ಪೋಣಿಸಿದರೆ ಆ ಚಿಹ್ನೆ ಪಠ್ಯ ಮುಗಿಯಿತೆಂಬ ಸೂಚನೆಯಾಗಿ ವಾಕ್ಯವೇ ಮುರಿಯುತ್ತದೆ. ಯಾವ ದುರುದ್ದೇಶವೂ ಇಲ್ಲದ ಹೆಸರು ಮಾಡುವ ಕೆಲಸವನ್ನೇ ದುರುದ್ದೇಶ ಇರುವವರು ಯೋಚಿಸಿ ಮಾಡಿದರೆ ಅದು ಎಸ್‌ಕ್ಯೂಎಲ್ ಇಂಜೆಕ್ಷನ್. ಇದಕ್ಕೆ ಪರಿಹಾರವೆಂದು ಚಿಹ್ನೆಯನ್ನು ಅಳಿಸುವುದು ಹೆಸರಿಗೆ ಮಾಡುವ ಅನ್ಯಾಯ. ಪಿಎಚ್‌ಪಿ ಒಂದು ಕಾಲದಲ್ಲಿ ಬಂದ ಪ್ರತಿ ಉದ್ಧರಣ ಚಿಹ್ನೆಗೆ ಮುಂಚೆ ತಾನಾಗಿ ಹಿಮ್ಮುಖ ಓರೆಗೆರೆ ಸೇರಿಸುವ ‘ಮ್ಯಾಜಿಕ್ ಕೋಟ್ಸ್’ ಎಂಬ ಉಪಾಯ ಮಾಡಿತ್ತು. ಅದರಿಂದ ರಕ್ಷಣೆ ಪೂರ್ತಿ ಸಿಗಲಿಲ್ಲ, ಹೆಸರುಗಳ ನಡುವೆ ಓರೆಗೆರೆಗಳು ಉಳಿದವು, 5.4 ಆವೃತ್ತಿಯಲ್ಲಿ ಅದನ್ನೂ ತೆಗೆದರು. ಸರಿಯಾದ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್: ವಾಕ್ಯವನ್ನು ಮೊದಲೇ ನಿಗದಿಪಡಿಸಿ, ಮೌಲ್ಯವನ್ನು ಬೇರೆಯಾಗಿ ಒಪ್ಪಿಸುವುದು. ಆಗ ಮೌಲ್ಯದೊಳಗೆ ಏನೇ ಇದ್ದರೂ ಅದು ಮೌಲ್ಯವಾಗಿಯೇ ಉಳಿಯುತ್ತದೆ.

ಪುಟದಲ್ಲಿ ತೋರಿಸುವಾಗಲೂ ತತ್ವ ಅದೇ. ಪುಟದ ಭಾಷೆಯಾದ ಎಚ್‌ಟಿಎಂಎಲ್‌ಗೆ ಹೋಗುವ ಕ್ಷಣದಲ್ಲಿ ಎಸ್ಕೇಪ್ ಮಾಡಬೇಕು, ಅಂದರೆ ವಿಶೇಷ ಅರ್ಥವಿರುವ ಚಿಹ್ನೆಗಳನ್ನು ಬರೀ ಪಠ್ಯವಾಗಿ ಕಾಣುವ ರೂಪಕ್ಕೆ ಬದಲಿಸಬೇಕು, ಡೇಟಾಬೇಸಿಗೆ ಹಾಕುವಾಗ ಅಲ್ಲ; ಏಕೆಂದರೆ ಅದೇ ಹೆಸರು ನಾಳೆ ಎಸ್‌ಎಂಎಸ್‌ಗೂ ಹೋಗಬಹುದು, ಎಕ್ಸೆಲ್ ಹಾಳೆಗೂ ಹೋಗಬಹುದು, ಒಂದೊಂದು ಕಡೆ ಒಂದೊಂದು ನಿಯಮ. ಜ್ಯಾಂಗೊ ತನ್ನ ಟೆಂಪ್ಲೇಟ್‌ಗಳಲ್ಲಿ ಇದನ್ನು ತಾನಾಗಿಯೇ ಮಾಡುತ್ತದೆ. ಕಾರಣವಿಲ್ಲದೆ ಅದನ್ನು ನಿಲ್ಲಿಸಬಾರದು. ಎಕ್ಸೆಲ್‌ಗೆ ಕಳುಹಿಸುವಾಗ ಸಮಚಿಹ್ನೆಯಿಂದ ಆರಂಭವಾಗುವ ಪಠ್ಯ ಸೂತ್ರವಾಗಿ ಚಾಲನೆಗೊಳ್ಳಬಹುದು ಎಂಬುದನ್ನೂ ಗಮನಿಸಬೇಕು.

ಬಂದ ಜೋಡಿಗಳನ್ನೆಲ್ಲ ಒಟ್ಟಾಗಿ ಡೇಟಾಬೇಸಿನ ಸಾಲಿಗೆ ಸುರಿಯುವ ಸೌಲಭ್ಯವನ್ನು ಅನೇಕ ಚೌಕಟ್ಟುಗಳು ಕೊಡುತ್ತವೆ. ಅದರ ಅಪಾಯವನ್ನು 2012ರ ಮಾರ್ಚ್‌ನಲ್ಲಿ ಎಗೊರ್ ಹೊಮಾಕೊವ್ ಎಂಬ ಪ್ರೋಗ್ರಾಮರ್ ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿಯೇ ತೋರಿಸಿಕೊಟ್ಟರು: ಫಾರ್ಮಿಗೆ ಇಲ್ಲದ ಒಂದು ಬಳಕೆದಾರ-ಸಂಖ್ಯೆಯ ಖಾನೆಯನ್ನು ಸೇರಿಸಿ ಕಳುಹಿಸಿ, ತಮ್ಮ ಪ್ರವೇಶದ ಕೀಲಿಯನ್ನು ರೇಲ್ಸ್ ಎಂಬ ವೆಬ್ ಚೌಕಟ್ಟಿನ ತಂಡದ ಖಾತೆಗೆ ಅಂಟಿಸಿಕೊಂಡರು. ಆಮೇಲೆ ರೇಲ್ಸ್ 4 ಆವೃತ್ತಿಯಲ್ಲಿ, ಯಾವ ಹೆಸರುಗಳನ್ನು ಸ್ವೀಕರಿಸಬೇಕೆಂದು ಪ್ರೋಗ್ರಾಮರ್ ಸ್ಪಷ್ಟವಾಗಿ ಹೇಳಲೇಬೇಕಾದ ವ್ಯವಸ್ಥೆ ಬಂತು. ನಮ್ಮ ಮಳೆಯ ಫಾರ್ಮಿನಲ್ಲಿಯೂ, ಬೇಕಾದ ಖಾನೆಗಳನ್ನು ಹೆಸರು ಹಿಡಿದು ಎತ್ತಿಕೊಳ್ಳಬೇಕು, ಉಳಿದದ್ದನ್ನು ನೋಡಲೂಬಾರದು. ತೋಟದ ಸಂಖ್ಯೆ ಸರಿಯಾದ ಪೂರ್ಣಾಂಕವಾಗಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಲಾಗಿನ್ ಆದವರಿಗೆ ಆ ತೋಟದ ಲೆಕ್ಕ ಬರೆಯುವ ಹಕ್ಕಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ದೊಡ್ಡ ಎಸ್ಟೇಟುಗಳಿಗೆ ತಿಂಗಳ ಲೆಕ್ಕವನ್ನು ಒಂದೇ ಪುಟದಲ್ಲಿ ತುಂಬಿಸುವ ಯೋಜನೆಯಿದ್ದರೆ ಇನ್ನೊಂದು ಮಿತಿ ಎದುರಾಗುತ್ತದೆ. ಪಿಎಚ್‌ಪಿ ಸಾಮಾನ್ಯವಾಗಿ 1000 ಖಾನೆಗಳನ್ನು ಮಾತ್ರ ಓದುತ್ತದೆ. 35 ಮಳೆಮಾಪಕಗಳು, 31 ದಿನಗಳು ಎಂದರೆ 1085 ಖಾನೆ; ಕೊನೆಯ 85 ಬಳಕೆದಾರರಿಗೆ ತಿಳಿಯದಂತೆ ಬಿದ್ದುಹೋಗುತ್ತವೆ. ಕೋರಿಕೆಯ ಗಾತ್ರ 8 ಮೆಗಾಬೈಟಿನ ಸಾಮಾನ್ಯ ಮಿತಿ ದಾಟಿದರಂತೂ ಪೋಸ್ಟ್ ಅರೇ ಪೂರ್ತಿ ಖಾಲಿಯಾಗಿ ಬರುತ್ತದೆ.

ತಪ್ಪಿದ್ದಾಗ ಕೊಡುವ ಉತ್ತರ

ಪರಿಶೀಲನೆಯಲ್ಲಿ ತಪ್ಪು ಕಂಡರೆ ಮೊದಲ ತಪ್ಪಿಗೇ ನಿಲ್ಲದೆ ಎಲ್ಲವನ್ನೂ ಒಟ್ಟಿಗೆ, ಆಯಾ ಖಾನೆಯ ಪಕ್ಕದಲ್ಲಿ, ಕನ್ನಡದಲ್ಲಿ ಹೇಳಬೇಕು. ತುಂಬಿದ್ದನ್ನು ಎಸ್ಕೇಪ್ ಮಾಡಿ ಹಾಗೆಯೇ ಉಳಿಸಿ ತೋರಿಸಬೇಕು. ಡೇಟಾಬೇಸಿನ ಒಳಗಿನ ದೋಷದ ಸಂದೇಶ ಬಳಕೆದಾರರ ಪರದೆಗೆ ಹೋಗಬಾರದು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತಾಗ, ಸಲ್ಲಿಸುವ ಗುಂಡಿಯನ್ನು ಜನರು ಎರಡು ಮೂರು ಸಲ ಒತ್ತುವುದು ಸಹಜ. ಮೊದಲ ಕೋರಿಕೆ ತಲುಪಿ ಉತ್ತರ ಮಾತ್ರ ಕಳೆದುಹೋಗಿರಬಹುದು. ಉಳಿಸಿದ ಮೇಲೆ ಬೇರೆ ಪುಟಕ್ಕೆ ಕಳುಹಿಸಿದರೆ ಪುಟ ಮತ್ತೆ ತೆರೆದಾಗ ಆಗುವ ಮರುಸಲ್ಲಿಕೆ ತಪ್ಪುತ್ತದೆ, ಆದರೆ ಕಳೆದುಹೋದ ಉತ್ತರಕ್ಕೆ ಅದು ಸಾಲದು. ಒಂದು ಮಳೆಮಾಪಕಕ್ಕೆ ಒಂದು ದಿನ ಒಂದೇ ದಾಖಲೆ ಎಂಬ ನಿರ್ಬಂಧವನ್ನು ಡೇಟಾಬೇಸಿನಲ್ಲಿಯೇ ಹಾಕಬೇಕು. ಎರಡನೆಯ ಸಲ ಅದೇ ಅಂಕಿ ಬಂದರೆ ‘ಆಗಲೇ ದಾಖಲಾಗಿದೆ’ ಎಂದು ತಿಳಿಸಿದರಾಯಿತು. ಬೇರೆ ಅಂಕಿ ಬಂದರೆ ಹಳೆಯದರ ಮೇಲೆ ಬರೆಯದೆ, ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ಸರಿ ಎಂದು ಅಳೆದವರನ್ನೇ ಕೇಳಬೇಕು, ಯಾರು ಯಾವಾಗ ತಿದ್ದಿದರು ಎಂಬುದನ್ನೂ ಅದರೊಂದಿಗೆ ಬರೆದಿಡಬೇಕು.